ತಂತ್ರದ ನಾವೀನ್ಯವೂ ಪ್ರಾಂತದ ಹೊಗೆಯೂ: ಒಂದು ಸಂಶೋಧನ ರೀತಿಯ ವಿಮರ್ಶೆ

ಅರ್ಥಶಾಸ್ತ್ರ, ಭೂಗೋಳಶಾಸ್ತ್ರ, ಪರಿಸರಶಾಸ್ತ್ರಗಳ ಸಂಶೋಧನ ಪತ್ರಿಕೆಗಳನ್ನು ಈಚಿನ ವರ್ಷಗಳಲ್ಲಿ ತಿರುವಿಹಾಕಿದವರಿಗೆ ಒಂದು ಜಾತಿಯ ಪ್ರಬಂಧ ಮತ್ತೆ ಮತ್ತೆ ಎದುರಾಗಿರಬೇಕು. ಅದರ ಆಕಾರ ಹೆಚ್ಚುಕಡಮೆ ಒಂದೇ. ಅಂಕಿಗಳ ಅಭಾವದಿಂದ ಟಿಬೆಟ್ಟನ್ನು ಬಿಟ್ಟು, ಚೀನಾ ದೇಶದ ಮೂವತ್ತು ಪ್ರಾಂತಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಒಂದು ಪಕ್ಕದಲ್ಲಿ ಪ್ರತಿಯೊಂದು ಪ್ರಾಂತದಿಂದ ವರ್ಷವರ್ಷವೂ ದಾಖಲಾದ 'ಅಲ್ಪ ಇಂಗಾಲ'ದ ಪೇಟೆಂಟುಗಳ ಎಣಿಕೆ. ಇನ್ನೊಂದು ಪಕ್ಕದಲ್ಲಿ ಅದೇ ಪ್ರಾಂತ ಅದೇ ವರ್ಷ ಹೊರಸೂಸಿದ ಇಂಗಾಲದ ಡೈಆಕ್ಸೈಡಿನ ಮೊತ್ತ. ಇವೆರಡರ ನಡುವೆ ಒಂದು ಸಮೀಕರಣವನ್ನು ಹೂಡಿ ಗುಣಾಂಕವನ್ನು ತೆಗೆಯುತ್ತಾರೆ. ಫಲಿತಾಂಶವೂ ಬಹುಮಟ್ಟಿಗೆ ನಿರೀಕ್ಷಿತವೇ. ನಾವೀನ್ಯ ಹೆಚ್ಚಿದಂತೆ ಹೊರಸೂಸಿಕೆ ಇಳಿಯುತ್ತದೆ. ಅದರ ಒಳಿತು ನೆರೆಯ ಪ್ರಾಂತಕ್ಕೂ ಹರಿಯುತ್ತದೆ. ಕೆಲವರ ಲೆಕ್ಕದಲ್ಲಿ ಹೊರಸೂಸಿಕೆ ಮೊದಲು ಏರಿ ಅನಂತರ ಇಳಿಯುತ್ತದೆ. ಕೊನೆಯ ಪುಟದಲ್ಲಿ ಸರ್ಕಾರಕ್ಕೆ ಸಲಹೆ: ಪೇಟೆಂಟುಗಳಿಗೆ ಪ್ರೋತ್ಸಾಹ ಕೊಡತಕ್ಕದ್ದು.

ಈ ಮಾದರಿ ಈಗ ನಮ್ಮ ಕಾಲೇಜುಗಳಿಗೂ ಬಂದಿದೆ. ಪ್ರಾಂತಗಳ ಜಾಗದಲ್ಲಿ ಭಾರತದ ರಾಜ್ಯಗಳನ್ನು ಇಟ್ಟು ಅದೇ ಸಮೀಕರಣವನ್ನು ನಡೆಸಿದರೆ ಒಂದು ಪ್ರೌಢ ಪ್ರಬಂಧ ಸಿದ್ಧವಾಗುತ್ತದೆ ಎಂಬ ಆಸೆ ಅನೇಕ ವಿದ್ಯಾರ್ಥಿಗಳಲ್ಲಿದೆ. ಮಾರ್ಗದರ್ಶಕರು ಅದನ್ನು ತಡೆಯುವುದೂ ಅಪರೂಪ. ಆದುದರಿಂದ ಈ ರೀತಿಯ ತಳಹದಿಯನ್ನು ಒಮ್ಮೆ ತಟ್ಟಿ ನೋಡುವುದು ಅಪ್ರಕೃತವಲ್ಲ. ನಮ್ಮ ಆಕ್ಷೇಪ ಗಣಿತದ ಮೇಲಲ್ಲ. ಒಂದು ಹೊಸ ತಂತ್ರ ಹುಟ್ಟುವ ಊರು, ಅದನ್ನು ಸರಕಾಗಿ ತಯಾರಿಸುವ ಊರು, ಅದನ್ನು ಬಳಸುವ ಊರು, ಆ ಬಳಕೆಯಿಂದ ಹೊಗೆ ಕಡಮೆಯಾಗುವ ಊರು, ಈ ನಾಲ್ಕೂ ಸಾಮಾನ್ಯವಾಗಿ ಬೇರೆ ಬೇರೆ. ಅವನ್ನು ಒಂದೇ ಪ್ರಾಂತದ ಒಂದೇ ಸಾಲಿನಲ್ಲಿ ಕೂಡಿಸಿ ಬರೆದ ಮೇಲೆ ಎಷ್ಟು ಸೂಕ್ಷ್ಮವಾದ ಗಣಿತವೂ ಅವನ್ನು ಮತ್ತೆ ಬಿಡಿಸಲಾರದು.

ಈ ಪ್ರಬಂಧಗಳ ವಂಶಾವಳಿ ಗೌರವಾರ್ಹವಾದದ್ದೇ. 1971ರಲ್ಲಿ ಎರ್ಲಿಕ್ ಮತ್ತು ಹೋಲ್ಡ್ರೆನ್ ಎಂಬ ವಿಜ್ಞಾನಿಗಳು, ಪರಿಸರದ ಮೇಲಿನ ಭಾರವೆಂಬುದು ಜನಸಂಖ್ಯೆ, ತಲಾ ಅನುಭೋಗ, ತಂತ್ರ ಎಂಬ ಮೂರರ ಗುಣಲಬ್ಧವೆಂದು ವಿಚಾರವನ್ನು ಮುಂದಿಟ್ಟರು. ಜಪಾನಿನ ಕಾಯ ಅವರು ಅದನ್ನೇ ಇಂಧನ ಮತ್ತು ಇಂಗಾಲಕ್ಕೆ ಹೊಂದಿಸಿದರು. ಡೀಟ್ಸ್ ಮತ್ತು ರೋಸಾ ಎಂಬ ಸಮಾಜಶಾಸ್ತ್ರಜ್ಞರು 1990ರ ದಶಕದಲ್ಲಿ ಅದನ್ನು ಅಂಕಿಗಳಿಂದ ಪರೀಕ್ಷಿಸಬಹುದಾದ ಸಮೀಕರಣವಾಗಿ ಮಾರ್ಪಡಿಸಿದರು. ಇಡೀ ಭೂಮಂಡಲವನ್ನು ಒಂದು ಘಟಕವೆಂದು ಎಣಿಸಿದಾಗ ಈ ಚೌಕಟ್ಟಿನಲ್ಲಿ ಸ್ಥಳದ ಪ್ರಶ್ನೆಯೇ ಏಳುವುದಿಲ್ಲ. ಎಲ್ಲಿ ಹುಟ್ಟಿದ ತಂತ್ರವಾದರೂ ಭೂಮಿಯ ಮೇಲೆಯೇ ಹುಟ್ಟಿರುತ್ತದೆ. ಘಟಕವನ್ನು ದೇಶಕ್ಕೆ, ದೇಶದಿಂದ ಪ್ರಾಂತಕ್ಕೆ, ಪ್ರಾಂತದಿಂದ ನಗರಕ್ಕೆ ಕಿರಿದು ಮಾಡುತ್ತ ಬಂದಂತೆ ತೊಡಕು ಹೆಚ್ಚುತ್ತದೆ.

ಮೊದಲು ಪೇಟೆಂಟನ್ನು ನೋಡೋಣ. ಹವಾಮಾನ ಬದಲಾವಣೆಯನ್ನು ತಗ್ಗಿಸುವ ತಂತ್ರಗಳಿಗೆಂದೇ ಯೂರೋಪಿನ ಪೇಟೆಂಟ್ ಕಚೇರಿ 'ವೈ-02' ಎಂಬ ಗುರುತನ್ನು ಏರ್ಪಡಿಸಿದ ಮೇಲೆ ಎಣಿಕೆಯ ಕೆಲಸ ಸುಲಭವಾಯಿತು. ಸುಲಭವಾದದ್ದರಿಂದಲೇ ಎಲ್ಲರೂ ಎಣಿಸತೊಡಗಿದರು ಎಂದರೂ ತಪ್ಪಾಗದು. ಆದರೆ ಪೇಟೆಂಟ್ ಎಂಬುದು ನಾವೀನ್ಯಕ್ಕೆ ಸಲ್ಲುವ ಒಂದು ಹಕ್ಕುಪತ್ರವೇ ಹೊರತು ನಾವೀನ್ಯವೇ ಅಲ್ಲ. ಚೀನಾದಲ್ಲಿ 1999ರಲ್ಲಿ ಶಾಂಘೈ ನಗರ ಮೊದಲುಗೊಂಡು ಬಹುತೇಕ ಎಲ್ಲ ಪ್ರಾಂತಗಳೂ ಅರ್ಜಿದಾರರಿಗೆ ಸಹಾಯಧನ ಕೊಡುತ್ತ ಬಂದವು. ಅರ್ಜಿಗಳ ಪ್ರವಾಹ ಮಿತಿಮೀರಿದ್ದರಿಂದ ಕೇಂದ್ರದ ಪೇಟೆಂಟ್ ಆಡಳಿತವೇ 2021ರಲ್ಲಿ, 2025ರೊಳಗಾಗಿ ಈ ಸಹಾಯಧನಗಳು ನಿಲ್ಲಬೇಕೆಂದು ಆಜ್ಞೆ ಮಾಡಿತು. ಹೀಗಿರಲಾಗಿ ಎರಡು ದಶಕಗಳ ಎಣಿಕೆಯಲ್ಲಿ ಬುದ್ಧಿಯ ಫಲವೆಷ್ಟು, ಬೊಕ್ಕಸದ ಫಲವೆಷ್ಟು ಎಂಬುದನ್ನು ಬೇರ್ಪಡಿಸದೆ ಗುಣಾಂಕವನ್ನು ಓದುವುದು ಸಾಹಸವೇ ಸರಿ.

ಇದಕ್ಕೆ ಪ್ರತಿಯಾದ ಒಂದು ಹಳೆಯ ದೃಷ್ಟಾಂತ ಈ ಪ್ರಬಂಧಗಳಲ್ಲಿ ಎಲ್ಲಿಯೂ ಕಾಣಿಸದಿರುವುದು ಆಶ್ಚರ್ಯ. ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್ ಸೀಮೆಯಲ್ಲಿ ತಾಮ್ರ, ತವರಗಳ ಗಣಿಗಳಿದ್ದುವು, ಕಲ್ಲಿದ್ದಲು ಇರಲಿಲ್ಲ. ಗಣಿಯ ನೀರನ್ನು ಎತ್ತುವ ಉಗಿಯಂತ್ರಗಳಿಗೆ ಬೇಕಾದ ಕಲ್ಲಿದ್ದಲು ವೇಲ್ಸಿನಿಂದ ಹಡಗಿನಲ್ಲಿ ಬರಬೇಕಾಗಿತ್ತು. ಜೇಮ್ಸ್ ವಾಟನ ಯಂತ್ರ ಕಲ್ಲಿದ್ದಲನ್ನು ಬಹಳವಾಗಿ ಉಳಿಸಿತು. ಉಳಿದ ಕಲ್ಲಿದ್ದಲಿನ ಬೆಲೆಯಲ್ಲಿ ಮೂರನೆಯ ಒಂದು ಪಾಲನ್ನು ಅವನೂ ಅವನ ಪಾಲುಗಾರ ಬೋಲ್ಟನ್ನನೂ ಕಪ್ಪದಂತೆ ವಸೂಲು ಮಾಡಿದರು. 1769ರ ಆ ಪೇಟೆಂಟು 1800ರಲ್ಲಿ ಮುಗಿಯಿತು. ವ್ಯಾಜ್ಯಗಳಿಂದ ಬೇಸತ್ತಿದ್ದ ಕಾರ್ನ್‌ವಾಲಿನ ಯಂತ್ರಜ್ಞರು ಅನಂತರ ಪೇಟೆಂಟಿನ ಗೊಡವೆಗೆ ಹೋದದ್ದು ಕಡಮೆ. ಅದಕ್ಕೆ ಬದಲಾಗಿ 1811ರಿಂದ ಲೀನ್ ಎಂಬಾತನ ಮೇಲ್ವಿಚಾರಣೆಯಲ್ಲಿ ತಿಂಗಳು ತಿಂಗಳೂ ಒಂದು ಪಟ್ಟಿ ಅಚ್ಚಾಗತೊಡಗಿತು: ಯಾವ ಗಣಿಯ ಯಾವ ಯಂತ್ರ, ಅದರ ರಚನೆ ಹೇಗೆ, ಒಂದು ಬುಷೆಲ್ ಕಲ್ಲಿದ್ದಲಿನಿಂದ ಅದು ಎಷ್ಟು ನೀರನ್ನು ಎಷ್ಟು ಎತ್ತರಕ್ಕೆ ಏರಿಸಿತು. ಟ್ರೆವಿಥಿಕ್, ವುಲ್ಫ್ ಮೊದಲಾದವರ ಸುಧಾರಣೆಗಳು ಈ ಪಟ್ಟಿಯ ಮೂಲಕ ಎಲ್ಲರ ಸೊತ್ತಾದುವು. ಮೂವತ್ತು ವರ್ಷಗಳಲ್ಲಿ ಅಲ್ಲಿನ ಯಂತ್ರಗಳ ಸರಾಸರಿ ದಕ್ಷತೆ ಎರಡರಷ್ಟನ್ನೂ ಮೀರಿತು. ಪೇಟೆಂಟುಗಳನ್ನು ಎಣಿಸುವವನ ಕಣ್ಣಿಗೆ ಈ ಮೂವತ್ತು ವರ್ಷ ಬರಡು. ಕಲ್ಲಿದ್ದಲನ್ನು ಅಳೆಯುವವನಿಗೆ ಆ ಶತಮಾನದಲ್ಲಿ ಇಂಥ ಫಲವತ್ತಾದ ಕಾಲ ಮತ್ತೊಂದು ಸಿಕ್ಕುವುದು ಕಷ್ಟ.

ಸಮೀಕರಣದ ಇನ್ನೊಂದು ಪಕ್ಕವೂ ಗಟ್ಟಿಯಾಗಿಲ್ಲ. ಚೀನಾದ ಪ್ರಾಂತಗಳ ಇಂಧನದ ಅಂಕಿಗಳನ್ನು ಕೂಡಿಸಿ ಬಂದ ಹೊರಸೂಸಿಕೆಯೂ ಇಡೀ ರಾಷ್ಟ್ರದ ಅಂಕಿಗಳಿಂದ ಬಂದ ಹೊರಸೂಸಿಕೆಯೂ ಒಂದೇ ಆಗಿರಬೇಕಷ್ಟೆ. 2012ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಲೇಖನದಲ್ಲಿ ಗುವಾನ್ ಮತ್ತು ಅವರ ಸಹೋದ್ಯೋಗಿಗಳು, 2010ನೆಯ ವರ್ಷಕ್ಕೆ ಇವೆರಡರ ನಡುವೆ 140 ಕೋಟಿ ಟನ್ನುಗಳ ಅಂತರವಿದೆಯೆಂದು ತೋರಿಸಿದರು. ಅದು ಜಪಾನು ಒಂದು ವರ್ಷದಲ್ಲಿ ಹೊರಸೂಸುವಷ್ಟು ಮೊತ್ತ. ಮಕ್ಕಳ ತೂಕವನ್ನೆಲ್ಲ ಕೂಡಿಸಿದರೆ ತಕ್ಕಡಿಯ ಮೇಲೆ ಒಟ್ಟಿಗೆ ಕೂತ ಮಕ್ಕಳ ತೂಕಕ್ಕಿಂತ ಹೆಚ್ಚಾಯಿತು ಎಂಬಂತೆ. ಅಂಥ ಅಂಕಿಗಳ ಮೇಲೆ ನಿಂತ ಗುಣಾಂಕಗಳನ್ನು ದಶಮಾಂಶದ ಮೂರನೆಯ ಸ್ಥಾನದವರೆಗೆ ಅಚ್ಚು ಹಾಕಿಸುವುದರ ಔಚಿತ್ಯವನ್ನು ವಾಚಕರೇ ತೀರ್ಮಾನಿಸಬಹುದು.

ಇವೆಲ್ಲ ಅಳತೆಯ ದೋಷಗಳು, ತಿದ್ದಿಕೊಳ್ಳಬಹುದೆಂದು ಇಟ್ಟುಕೊಳ್ಳೋಣ. ತಿದ್ದಲಾಗದ ತೊಡಕು ಇರುವುದು 'ಪ್ರಾಂತ' ಎಂಬ ಪದದಲ್ಲಿಯೇ. ಬೀಜಿಂಗ್ ನಗರವನ್ನು ತೆಗೆದುಕೊಳ್ಳಿ. ಮೇಲಿನ ಜಾತಿಯ ಪ್ರಬಂಧಗಳಲ್ಲಿ ಪೇಟೆಂಟಿನ ಮೇಲ್ಪಂಕ್ತಿಯಲ್ಲಿಯೂ ಇಂಗಾಲದ ಇಳಿತಕ್ಕೆ ಆದರ್ಶವಾಗಿಯೂ ಕಾಣಿಸಿಕೊಳ್ಳುವ ಘಟಕ ಅದು. ಆ ನಗರದ ಅತಿದೊಡ್ಡ ಹೊಗೆಗೂಡು ಶೋಗಾಂಗ್ ಉಕ್ಕಿನ ಕಾರ್ಖಾನೆ. 2008ರ ಒಲಿಂಪಿಕ್ ಕ್ರೀಡೆಗಳ ಹಿಂದುಮುಂದಿನ ವರ್ಷಗಳಲ್ಲಿ ಅದನ್ನು ಹಂತಹಂತವಾಗಿ ಮುಚ್ಚಿ, ಹೆಬೇ ಪ್ರಾಂತದ ಕಡಲತೀರದ ಕಾವೊಫೇಡಿಯನ್ ಎಂಬಲ್ಲಿ ಹೊಸದಾಗಿ ಕಟ್ಟಿದರು. ಹಳೆಯ ಕುಲುಮೆಗಳು 2010ರ ಕೊನೆಯ ಹೊತ್ತಿಗೆ ಪೂರ್ತಿಯಾಗಿ ಆರಿದವು. 2017ರಲ್ಲಿ ಬೀಜಿಂಗಿನ ಕೊನೆಯ ದೊಡ್ಡ ಕಲ್ಲಿದ್ದಲು ವಿದ್ಯುತ್ ಕೇಂದ್ರವೂ ನಿಂತಿತು. ಆದರೆ ನಗರದ ದೀಪಗಳೇನೂ ನಂದಲಿಲ್ಲ. ಒಳ ಮಂಗೋಲಿಯ, ಶಾನ್‌ಷಿಗಳಿಂದ ವಿದ್ಯುತ್ತು ಹರಿದು ಬರುತ್ತಲೇ ಇದೆ. ಉಕ್ಕು ನಗರಕ್ಕೆ ಬೇಕಾದಷ್ಟು ಬರುತ್ತದೆ, ಹೊಗೆ ಹೆಬೇಯ ಲೆಕ್ಕಕ್ಕೆ ಹೋಗುತ್ತದೆ, ಇಳಿತದ ಕೀರ್ತಿ ಬೀಜಿಂಗಿನ ಪೇಟೆಂಟುಗಳಿಗೆ ಸಲ್ಲುತ್ತದೆ.

ಇದು ಒಂದೆರಡು ಊರುಗಳ ಮಾತಲ್ಲ. ಫೆಂಗ್ ಮೊದಲಾದವರು 2013ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 2007ರಲ್ಲಿ ಚೀನಾದ ಇಂಧನಜನ್ಯ ಹೊರಸೂಸಿಕೆಯಲ್ಲಿ ಶೇಕಡ 57 ಭಾಗ, ಉತ್ಪಾದನೆಯಾದ ಪ್ರಾಂತದ ಹೊರಗೆ ಬಳಕೆಯಾದ ಸರಕುಗಳಿಗೆ ಸಂಬಂಧಿಸಿದ್ದು. ಸಮೃದ್ಧವಾದ ಕರಾವಳಿಯ ಪ್ರಾಂತಗಳು ಅನುಭೋಗಿಸುವ ಸರಕಿಗೆ ಹತ್ತಿದ ಹೊರಸೂಸಿಕೆಯಲ್ಲಿ ಶೇಕಡ 80ರವರೆಗೂ ನಡುನಾಡಿನ ಮತ್ತು ಪಶ್ಚಿಮದ ಬಡ ಪ್ರಾಂತಗಳಿಂದ ಬಂದದ್ದು. ಅರ್ಧಕ್ಕಿಂತ ಹೆಚ್ಚು ಹೊಗೆ ಇನ್ನೊಬ್ಬರ ಸಲುವಾಗಿ ಏಳುವ ನಾಡಿನಲ್ಲಿ, ಹೊಗೆಯನ್ನು ಅದು ಎದ್ದ ಊರಿನ ಪೇಟೆಂಟುಗಳೊಡನೆ ಮಾತ್ರ ಜೋಡಿಸಿ ನೋಡುವುದಕ್ಕೆ ಯಾವ ಸಮರ್ಥನೆಯಿದೆ?

ನಮ್ಮ ತರ್ಕಶಾಸ್ತ್ರವನ್ನು ಓದಿದವರಿಗೆ ಈ ದೋಷ ಹೊಸದಲ್ಲ. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು. ಬೆಂಕಿಯಿರುವಲ್ಲೆಲ್ಲ ಹೊಗೆಯಿದೆ ಎನ್ನುವಂತಿಲ್ಲ, ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಸಿಯ ಸೌದೆಯ ಸಂಯೋಗವೆಂಬ 'ಉಪಾಧಿ' ಇದ್ದಾಗ ಮಾತ್ರ ಆ ಎರಡನೆಯ ಮಾತು ನಿಲ್ಲುತ್ತದೆ. ಇಂದಿನ ಸಂಖ್ಯಾಶಾಸ್ತ್ರಜ್ಞರು 'ಬಿಟ್ಟುಹೋದ ಚರ' ಎಂದು ಕರೆಯುವುದು ಬಹುಮಟ್ಟಿಗೆ ಈ ಉಪಾಧಿಯನ್ನೇ. ಬೀಜಿಂಗಿನ ವಿಷಯದಲ್ಲಿ ಉಪಾಧಿ ಐಶ್ವರ್ಯ: ಅದು ವಿಶ್ವವಿದ್ಯಾನಿಲಯಗಳನ್ನು ಸಾಕುತ್ತದೆ, ಆದುದರಿಂದ ಪೇಟೆಂಟು; ಅದೇ ಐಶ್ವರ್ಯ ಕುಲುಮೆಗಳನ್ನು ಊರಾಚೆ ಕಳುಹಿಸುತ್ತದೆ, ಆದುದರಿಂದ ಇಳಿತ. ಪ್ರಾಂತದ ಸ್ಥಿರ ಗುಣಗಳನ್ನು ಸಮೀಕರಣದಿಂದ ಕಳೆದುಬಿಟ್ಟಿದ್ದೇವೆ ಎಂದು ಈ ಪ್ರಬಂಧಕಾರರು ಉತ್ತರ ಹೇಳುತ್ತಾರೆ. ಆದರೆ ಕಾರ್ಖಾನೆಯ ಸ್ಥಳಾಂತರ ಸ್ಥಿರ ಗುಣವಲ್ಲ. ಅವರು ಅಭ್ಯಸಿಸುವ ವರ್ಷಗಳ ನಡುವೆಯೇ ನಡೆದುಹೋದ ಘಟನೆ.

'ನೆರೆ'ಯ ಪ್ರಾಂತಕ್ಕೆ ಹರಿಯುವ ಪ್ರಭಾವವನ್ನು ಅಳೆಯುವವರು ಇದಕ್ಕಿಂತ ಜಾಣರು. ಆದರೆ ಅವರ ನೆರೆ ಎಂಥದು? ಗಡಿ ತಗಲುವ ಪ್ರಾಂತ, ಅಥವಾ ದೂರ ಕಡಮೆಯಿರುವ ಪ್ರಾಂತ. ಷಿನ್‌ಜಿಯಾಂಗಿನಿಂದ ಆನ್‌ಹುಯಿ ಪ್ರಾಂತಕ್ಕೆ ಹನ್ನೊಂದು ಲಕ್ಷ ವೋಲ್ಟಿನ ವಿದ್ಯುತ್ ಮಾರ್ಗ 2019ರಿಂದ ನಡೆಯುತ್ತಿದೆ. ಅದರ ಉದ್ದ 3,000 ಕಿಲೋಮೀಟರಿಗೂ ಮೀರಿದ್ದು. ಯಾಂಗ್ಸಿ ನದಿಯ ಮೇಲುಭಾಗದ ಷಿಯಾಂಗ್‌ಜಿಯಬಾ ಜಲವಿದ್ಯುತ್ತು ಶಾಂಘೈಗೆ ಬರುತ್ತಿದೆ. ಇಂಗಾಲದ ಲೆಕ್ಕದಲ್ಲಿ ಇವರೇ ನಿಜವಾದ ನೆರೆಹೊರೆ. ಭೂಪಟದ ಗಡಿಯನ್ನು ನಂಬಿ ರಚಿಸಿದ ಕೋಷ್ಟಕದಲ್ಲಿ ಇವರಿಬ್ಬರ ನಡುವಣ ಅಂಕಿ ಸೊನ್ನೆ, ಅಥವಾ ಸೊನ್ನೆಗೆ ಸಮೀಪ.

ಹುಟ್ಟಿದ ಊರಿಗೂ ಹೊಗೆ ನಿಂತ ಊರಿಗೂ ಎಷ್ಟು ದೂರವಿರಬಹುದೆಂಬುದಕ್ಕೆ ನಮ್ಮ ಮನೆಗಳ ಬಲ್ಬಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಎಲ್‌ಇಡಿ ದೀಪದ ಬಿಳಿಯ ಬೆಳಕಿಗೆ ಮೂಲವಾದ ನೀಲಿ ಬೆಳಕಿನ ಡಯೋಡು ಸಾಧ್ಯವಾದದ್ದು ಜಪಾನಿನ ನಾಗೋಯದಲ್ಲಿ ಅಕಸಾಕಿ, ಅಮಾನೊ ಅವರಿಂದ ಮತ್ತು ತೊಕುಶಿಮ ಸೀಮೆಯಲ್ಲಿ ನಕಮುರ ಅವರಿಂದ. ಮೂವರಿಗೂ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಭಾರತದಲ್ಲಿ ಸರ್ಕಾರದ ಉಜಾಲಾ ಯೋಜನೆಯಲ್ಲಿ 36 ಕೋಟಿಗೂ ಮೀರಿದ ಬಲ್ಬುಗಳು ಹಂಚಿಕೆಯಾದುವು. 2014ರಲ್ಲಿ ಒಂದಕ್ಕೆ 310 ರೂಪಾಯಿಯಿದ್ದ ಖರೀದಿಯ ಬೆಲೆ ಒಟ್ಟು ಖರೀದಿಯ ಬಲದಿಂದ 2016ರಲ್ಲಿ 38 ರೂಪಾಯಿಗೆ ಇಳಿಯಿತು. 60 ವಾಟಿನ ಬಲ್ಬಿನ ಜಾಗದಲ್ಲಿ 9 ವಾಟಿನದು ಕೂತಿತು. ಈಗ ಇದನ್ನು ಪ್ರಾಂತಗಳ ಕೋಷ್ಟಕದಲ್ಲಿ ಎಲ್ಲಿ ಬರೆಯೋಣ? ಪೇಟೆಂಟು ಜಪಾನಿನದು. ಬೆಲೆಯನ್ನು ಇಳಿಸಿದ್ದು ದೆಹಲಿಯ ಟೆಂಡರು, ಅದು ಪೇಟೆಂಟಿನ ಪಟ್ಟಿಯಲ್ಲಿಲ್ಲ. ದೀಪ ಉರಿಯುವುದು ಬಿಹಾರದ ಒಂದು ಹಳ್ಳಿಯಲ್ಲಿ. ಆ ಹಳ್ಳಿಯಲ್ಲಿ ಹೊಗೆಗೂಡೇ ಇರಲಿಲ್ಲವಾದ್ದರಿಂದ ಇಳಿಯಬೇಕಾದ್ದೂ ಇಲ್ಲ. ಇಳಿದರೆ ಅದು ಸಿಂಗ್ರೌಲಿಯಲ್ಲೋ ಕೊರ್ಬಾದಲ್ಲೋ ಇಳಿದಿರಬೇಕು. ಅಲ್ಲಿನ ರಾಜ್ಯಗಳ ಪೇಟೆಂಟಿಗೂ ಇದಕ್ಕೂ ಯಾವ ನಂಟೂ ಇಲ್ಲ. ನಮ್ಮ ಕಾಲದಲ್ಲಿ ಅತ್ಯಂತ ಬೇಗನೆ ಹರಡಿದ ಅಲ್ಪ ಇಂಗಾಲದ ತಂತ್ರಗಳಲ್ಲಿ ಒಂದಾದ ಇದು, ಆ ಸಮೀಕರಣದ ಬಲೆಗೆ ಬೀಳುವುದೇ ಇಲ್ಲ. ಉಳಿದದ್ದೆಲ್ಲ ಉಳಿಯಿತೆಂದೂ ಹೇಳಲಾಗದು. ಉಪಗ್ರಹದ ಚಿತ್ರಗಳಂತೆ, ಭೂಮಿಯ ಮೇಲೆ ರಾತ್ರಿ ಬೆಳಗುವ ಹೊರಾಂಗಣದ ವಿಸ್ತಾರ 2012ರಿಂದ 2016ರವರೆಗೆ ವರ್ಷಕ್ಕೆ ಶೇಕಡ 2.2ರಂತೆ ಹಿಗ್ಗಿತು. ಬೆಳಕು ಅಗ್ಗವಾದಾಗ ಜನ ಹೆಚ್ಚು ಬೆಳಕನ್ನು ಕೊಳ್ಳುತ್ತಾರೆ.

ಈ ಕಡೆಯ ಮಾತನ್ನು ಜೆವೊನ್ಸ್ 1865ರಲ್ಲಿಯೇ ಕಲ್ಲಿದ್ದಲಿನ ವಿಷಯದಲ್ಲಿ ಹೇಳಿದ್ದಾನೆ. ಯಂತ್ರ ದಕ್ಷವಾದಷ್ಟೂ ಕಲ್ಲಿದ್ದಲಿನ ಒಟ್ಟು ಖರ್ಚು ಹೆಚ್ಚುತ್ತದೆಂಬುದು ಅವನ ವಾದ. ಎಲ್ಲ ಕಾಲಕ್ಕೂ ಎಲ್ಲ ತಂತ್ರಕ್ಕೂ ಇದು ಸತ್ಯವೆಂದು ನಮಗೆ ತೋರುವುದಿಲ್ಲ. ಒಂದು ಮನೆಯವರು ಎಷ್ಟೆಂದು ದೀಪ ಹಚ್ಚಿಯಾರು! ಆದರೆ ಚೀನಾದ ವಿದ್ಯುತ್ ಕೇಂದ್ರಗಳ ಮಟ್ಟಿಗೆ ಅವನನ್ನು ಮರೆಯಲಾಗದು. 2005ರಲ್ಲಿ ಅಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸರಾಸರಿ ಸುಮಾರು 370 ಗ್ರಾಂ ಪ್ರಮಾಣೀಕೃತ ಕಲ್ಲಿದ್ದಲು ಬೇಕಾಗುತ್ತಿತ್ತು. 2020ರಲ್ಲಿ ಸುಮಾರು 305 ಗ್ರಾಂ ಸಾಕಾಯಿತು. ಇದು ಅಪೂರ್ವವಾದ ಸಾಧನೆ. ಇದರ ಹಿಂದೆ ಇರುವ ಯಂತ್ರಜ್ಞರ ಶ್ರಮವನ್ನು ಹಗುರವಾಗಿ ಕಾಣುವವರು ಆ ಕೆಲಸವನ್ನು ಅರಿಯದವರು. ಅದೇ ಹದಿನೈದು ವರ್ಷಗಳಲ್ಲಿ ಶಾಖೋತ್ಪನ್ನ ವಿದ್ಯುತ್ತು ಸುಮಾರು 2 ಲಕ್ಷ ಕೋಟಿ ಯೂನಿಟ್ಟಿನಿಂದ 5 ಲಕ್ಷ ಕೋಟಿ ಯೂನಿಟ್ಟಿಗೆ ಏರಿತು. ಗುಣಿಸಿ ನೋಡಿದರೆ ಒಟ್ಟು ಇಂಧನ ಎರಡರಷ್ಟಾಯಿತು. ಹೊರಸೂಸಿಕೆಯ 'ತೀವ್ರತೆ'ಯನ್ನು ಮಾತ್ರ ಎಡಪಕ್ಕದಲ್ಲಿಟ್ಟ ಪ್ರಬಂಧ ಇದನ್ನು ಜಯವೆಂದು ಬರೆಯುತ್ತದೆ, ಮೊತ್ತವನ್ನಿಟ್ಟ ಪ್ರಬಂಧ ಸೋಲೆಂದು ಬರೆಯುತ್ತದೆ. ವಾತಾವರಣಕ್ಕೆ ತಟ್ಟುವುದು ಮೊತ್ತ.

ಈ ಕ್ಷೇತ್ರದ ಬರಹವೆಲ್ಲ ನಿಷ್ಪ್ರಯೋಜಕವೆಂದು ಹೇಳುವ ಉದ್ದೇಶ ನಮಗಿಲ್ಲ. 2013, 2014ರಲ್ಲಿ ಚೀನಾದ ಕೆಲವು ನಗರ, ಪ್ರಾಂತಗಳಲ್ಲಿ ಇಂಗಾಲದ ಹಕ್ಕುಗಳ ಮಾರುಕಟ್ಟೆ ಪ್ರಯೋಗಾರ್ಥವಾಗಿ ತೆರೆದ ಮೇಲೆ, ಅದಕ್ಕೆ ಒಳಪಟ್ಟ ಕಾರ್ಖಾನೆಗಳನ್ನೂ ಒಳಪಡದವನ್ನೂ ಹೋಲಿಸಿದ ಅಧ್ಯಯನಗಳಿವೆ. ಅವುಗಳಲ್ಲಿ ಘಟಕ ಪ್ರಾಂತವಲ್ಲ, ಕಾರ್ಖಾನೆ. ಬೆಂಕಿಯೂ ಹೊಗೆಯೂ ಒಂದೇ ಸೂರಿನ ಕೆಳಗಿರುತ್ತವೆ. ಅಂಥ ಬರಹಗಳಿಂದ ಕಲಿಯತಕ್ಕದ್ದು ಬೇಕಾದಷ್ಟಿದೆ.

ಕರ್ನಾಟಕಕ್ಕೆ ಈ ವಿಚಾರವನ್ನು ತಂದಾಗ ಏನಾಗುತ್ತದೆಂದು ನೋಡಬಹುದು. ನಮ್ಮ ರಾಜ್ಯದ ಅರ್ಜಿಗಳು ಚೆನ್ನೈಯ ಪೇಟೆಂಟ್ ಕಚೇರಿಯಲ್ಲಿ ದಾಖಲಾಗುತ್ತವೆ. ರಾಜ್ಯವಾರು ಎಣಿಕೆ ಅರ್ಜಿದಾರರ ವಿಳಾಸವನ್ನು ಹಿಡಿದು ನಡೆಯುತ್ತದೆ, ವಿಳಾಸ ಬಹುಪಾಲು ಬೆಂಗಳೂರಿನದು. ಹೊರಸೂಸಿಕೆಯ ಪಕ್ಕದಲ್ಲಿ, ವಿಶ್ವಸಂಸ್ಥೆಗೆ ಒಪ್ಪಿಸುವ ಸರ್ಕಾರಿ ವರದಿಗಳು ಇಡೀ ದೇಶದ ಮೊತ್ತವನ್ನು ಹೇಳುತ್ತವೆಯಲ್ಲದೆ ರಾಜ್ಯಗಳದನ್ನು ಬಿಡಿಸಿ ಹೇಳುವುದಿಲ್ಲ. ಕರ್ನಾಟಕದಲ್ಲಿ ಕಲ್ಲಿದ್ದಲು ಇಲ್ಲ; ರಾಯಚೂರು, ಬಳ್ಳಾರಿಯ ಕೇಂದ್ರಗಳಿಗೆ ಅದು ತೆಲಂಗಾಣದ ಸಿಂಗರೇಣಿ ಮೊದಲಾದ ಗಣಿಗಳಿಂದ ರೈಲಿನಲ್ಲಿ ಬರಬೇಕು. ರಾಮಗುಂಡದಲ್ಲಿ ಉರಿದ ಕಲ್ಲಿದ್ದಲಿನ ವಿದ್ಯುತ್ತಿನಲ್ಲಿ ನಮ್ಮ ಪಾಲಿದೆ. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ಉರಿದದ್ದರಲ್ಲಿ ತಮಿಳುನಾಡು, ಕೇರಳಗಳ ಪಾಲಿದೆ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ಮಾರ್ಗದಿಂದ ದಕ್ಷಿಣದ ಜಾಲ ಉಳಿದ ದೇಶದ ಜಾಲದೊಡನೆ ಒಂದಾಯಿತು. ಅಂದಿನಿಂದ ವಿದ್ಯುತ್ತಿನ ಮಟ್ಟಿಗೆ ಕರ್ನಾಟಕವೆಂಬ ಪ್ರಾಂತ ಆಡಳಿತದ ಮಾತಾಗಿ ಉಳಿದಿದೆಯೇ ಹೊರತು ಭೌತಿಕವಾದ ಘಟಕವಾಗಿ ಉಳಿದಿಲ್ಲ.

ಪಾವಗಡದ ಸೌರ ಉದ್ಯಾನ ಇದಕ್ಕೆ ಒಳ್ಳೆಯ ಪರೀಕ್ಷೆ. ಸುಮಾರು 13,000 ಎಕರೆ ಒಣಭೂಮಿಯನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆದು, 2019ರ ಕೊನೆಯ ಹೊತ್ತಿಗೆ 2,050 ಮೆಗಾವಾಟಿನ ಸಾಮರ್ಥ್ಯವನ್ನು ಅಲ್ಲಿ ನಿಲ್ಲಿಸಿದರು. ಸಿಲಿಕಾನ್ ಕೋಶ 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕಣ್ಣು ಬಿಟ್ಟದ್ದು. ಅದನ್ನು ಅಗ್ಗ ಮಾಡಿದ್ದು ಜರ್ಮನಿಯ 2000ನೆಯ ವರ್ಷದ ಕಾನೂನು ಮತ್ತು ಚೀನಾದ ಕಾರ್ಖಾನೆಗಳು. ಇಲ್ಲಿನದೆಂದು ಹೇಳಬಹುದಾದ ನಾವೀನ್ಯವೆಂದರೆ ಆ ಗುತ್ತಿಗೆಯ ಏರ್ಪಾಡು. ಅದಕ್ಕೆ ಪೇಟೆಂಟಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿಯವರೂ ಅವರ ಸಂಗಡಿಗರೂ 1990ರ ಸುಮಾರಿಗೆ ಕರ್ನಾಟಕದ ವಿದ್ಯುತ್ ಭವಿಷ್ಯವನ್ನು ಲೆಕ್ಕ ಹಾಕಿದಾಗಲೂ ಎಣಿಸಿದ್ದು ಯಂತ್ರಗಳನ್ನಲ್ಲ. ಜನರಿಗೆ ಬೇಕಾದ್ದು ಬೆಳಕು, ನೀರೆತ್ತುವಿಕೆ, ಬಿಸಿನೀರು ಎಂದು ಹಿಡಿದು, ಅದಕ್ಕೆ ಎಷ್ಟು ವಿದ್ಯುತ್ತು ಸಾಕೆಂದು ಕೇಳಿದರು. ಬಂದ ಉತ್ತರ ಸರ್ಕಾರದ ಸಮಿತಿಯ ಅಂದಾಜಿನಲ್ಲಿ ಅರ್ಧಕ್ಕಿಂತಲೂ ಕಡಮೆಯಿತ್ತು. ಇಂದಿನ ಪ್ರಬಂಧಕಾರರಲ್ಲಿ ಎಷ್ಟು ಮಂದಿ ಆ ಬರಹವನ್ನು ನೋಡಿದ್ದಾರೋ ಕಾಣೆ.

ಪಾವಗಡದ ಬಿಸಿಲು ಹೊಗೆಯನ್ನು ತಗ್ಗಿಸಿತೇ ಎಂಬ ಪ್ರಶ್ನೆಗೆ ಉತ್ತರ ಇರುವುದು ಪಾವಗಡದಲ್ಲಲ್ಲ, ರಾಯಚೂರಿನ ಶಕ್ತಿನಗರದಂಥ ಕಡೆಗಳಲ್ಲಿ. ನಡುಹಗಲು ಸೌರವಿದ್ಯುತ್ತು ಏರಿದಾಗ ಅಲ್ಲಿನ ಘಟಕಗಳನ್ನು ಇಳಿಸಬೇಕಾಗುತ್ತದೆ. ಸಂಜೆ ಸೂರ್ಯ ಜಾರಿದಾಗ ಮತ್ತೆ ಏರಿಸಬೇಕು. ಅರೆಹೊರೆಯಲ್ಲಿ ನಡೆಯುವ ಘಟಕ ಒಂದೊಂದು ಯೂನಿಟ್ಟಿಗೂ ಪೂರ್ಣ ಹೊರೆಯಲ್ಲಿದ್ದಾಗಿಗಿಂತ ಹೆಚ್ಚು ಕಲ್ಲಿದ್ದಲನ್ನು ನುಂಗುತ್ತದೆ. ಆದುದರಿಂದ ಸೌರವಿದ್ಯುತ್ತಿನ ಯೂನಿಟ್ಟುಗಳನ್ನು ಕಲ್ಲಿದ್ದಲಿನ ಸರಾಸರಿಯಿಂದ ಗುಣಿಸಿದರೆ ಬರುವ ಉಳಿತಾಯ ನಿಜವಾದ ಉಳಿತಾಯಕ್ಕಿಂತ ಹೆಚ್ಚಾಗಿರುತ್ತದೆ. ಕೇಂದ್ರೀಯ ವಿದ್ಯುತ್ ಪ್ರಾಧಿಕಾರ ದೇಶದ ಕೇಂದ್ರಗಳ ಇಂಗಾಲದ ಅಂಕಿಗಳನ್ನು ಒಂದೊಂದಾಗಿ, ವರ್ಷವಾರು ಪ್ರಕಟಿಸುತ್ತ ಬಂದಿದೆ; ಬೆಂಗಳೂರಿನ ಹೊರೆ ವಿತರಣ ಕೇಂದ್ರ ಘಟಕಗಳ ಏರಿಳಿತವನ್ನು ದಿನವೂ ದಾಖಲಿಸುತ್ತದೆ. ಪಾವಗಡ ಪೂರ್ತಿಯಾಗುವ ಮುಂಚಿನ ಒಂದು ಮಾರ್ಚ್ ತಿಂಗಳನ್ನೂ ಆದ ಮೇಲಿನ ಒಂದು ಮಾರ್ಚ್ ತಿಂಗಳನ್ನೂ ಎದುರುಬದುರಾಗಿಟ್ಟು, ಶಕ್ತಿನಗರದ ಒಂದೇ ಒಂದು 210 ಮೆಗಾವಾಟ್ ಘಟಕ ನಡುಹಗಲು ಎಷ್ಟು ಇಳಿಯಿತು, ಆ ಹೊತ್ತಿನಲ್ಲಿ ಯೂನಿಟ್ಟಿಗೆ ಎಷ್ಟು ಕಲ್ಲಿದ್ದಲು ಹಿಡಿಯಿತು ಎಂಬುದನ್ನು ಎಂ.ಎ. ತರಗತಿಯ ವಿದ್ಯಾರ್ಥಿಯೊಬ್ಬ ಒಂದು ಬೇಸಿಗೆ ರಜೆಯಲ್ಲಿ ಲೆಕ್ಕ ಹಾಕಬಹುದು.